ಮೂವತ್ತೆಂಟನೆಯ ಅಧ್ಯಾಯ, ಒಂದನೆಯ ವಚನ

ಆಸ್ಪತ್ರೆಯ ಬೆಂಚಿನಲ್ಲಿ ಕುಳಿತು ಈ ಪುಟ ಓದುತ್ತಿರುವವರು ಯಾರಾದರೂ ಇದ್ದರೆ ಅವರಿಗೆ ಮೊದಲೇ ಒಂದು ಸಮಾಧಾನ ಹೇಳಿಬಿಡುತ್ತೇನೆ: ನಾನು ಸತ್ತಿಲ್ಲ. ಹದಿನೈದು ವರ್ಷಗಳ ಹಿಂದೆ, ನಾನು ಸಾಯುತ್ತೇನೆಂದು ನಾನೇ ನನ್ನ ಕೈಯಾರೆ, ದುಂಡಗಿನ ಅಕ್ಷರದಲ್ಲಿ ಬರೆದಿಟ್ಟಿದ್ದೆ. ಆ ಬರಹ ಸುಳ್ಳಾಯಿತು. ತನ್ನ ಬರಹ ಸುಳ್ಳಾಯಿತೆಂದು ದೇವರಿಗೆ ಸ್ತೋತ್ರ ಹೇಳಿದ ಕನ್ನಡ ಪಂಡಿತ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ನಮ್ಮದು ಉಡುಪಿಯ ಒಂದು ಸಣ್ಣ ಪ್ರೊಟೆಸ್ಟೆಂಟ್ ಸಭೆ. ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ. ಹೊಸವರ್ಷದ ಬೆಳಗಿನ ಆರಾಧನೆ ಮುಗಿದ ಮೇಲೆ ಒಂದು ಬೆತ್ತದ ಬುಟ್ಟಿಯನ್ನು ಮುಂದೆ ಇಡುವುದು ನಮ್ಮಲ್ಲಿ ಹಿರಿಯರ ಕಾಲದಿಂದ ಬಂದ ಪದ್ಧತಿ. ಅದರಲ್ಲಿ ಮಡಚಿದ ಚೀಟಿಗಳು. ಮನೆಗೊಬ್ಬರು ಹೋಗಿ ಒಂದನ್ನು ಎತ್ತಬೇಕು. ಚೀಟಿಯಲ್ಲಿ ಸತ್ಯವೇದದ, ಅಂದರೆ ಬೈಬಲಿನ, ವಚನ ಇರುವುದಿಲ್ಲ. ಅಧ್ಯಾಯ ಎಷ್ಟು, ವಚನ ಎಷ್ಟು ಎಂಬ ಅಂಕೆ ಮಾತ್ರ. ಮನೆಗೆ ಹೋಗಿ, ಎಲ್ಲರೂ ಕುಳಿತು, ಸತ್ಯವೇದ ತೆರೆದು ನೋಡಬೇಕು. ಆ ವರ್ಷಕ್ಕೆ ಆ ಮನೆಗೆ ದೇವರು ಕೊಟ್ಟ ಮಾತು ಅದು. ಮಗಳ ಮದುವೆ, ಮಗನ ಪರೀಕ್ಷೆ, ಬಾವಿ ತೋಡುವುದು, ಎಲ್ಲವನ್ನೂ ಆ ಚೀಟಿಗೆ ಒರೆ ಹಚ್ಚಿ ನೋಡುವವರಿದ್ದರು.

ಚೀಟಿ ಬರೆಯುವ ಕೆಲಸ ನನ್ನದು. ಹೈಸ್ಕೂಲಿನಲ್ಲಿ ಕನ್ನಡ ಪಂಡಿತ, ಅಕ್ಷರ ಚೆಂದ, ಮೇಲಾಗಿ ಇಪ್ಪತ್ತು ವರ್ಷಗಳಿಂದ ಕ್ರಿಸ್ಮಸ್ ದಿನ ಪ್ರವಾದಿ ಯೆಶಾಯನ ಪುಸ್ತಕದ ಭಾಗವನ್ನು ಓದುವ ಹಕ್ಕುದಾರ. ನಮಗೊಂದು ಮಗು ಹುಟ್ಟಿದೆ ಎಂದು ಪ್ರವಾದಿ ಹೇಳುವ ಜಾಗಕ್ಕೆ ಬಂದಾಗ ನಾನು ಸ್ವರವನ್ನು ಸ್ವಲ್ಪ ತಗ್ಗಿಸಿ, ಆಮೇಲೆ ಆ ಮಗುವಿನ ಬಿರುದುಗಳನ್ನು ಒಂದೊಂದಾಗಿ ಮೇಲಕ್ಕೆ ಎತ್ತುತ್ತಿದ್ದೆ. ಕಾಪು, ಕಾರ್ಕಳದಿಂದಲೂ ಜನ ಅದನ್ನು ಕೇಳಲೆಂದೇ ಬರುತ್ತಾರೆ ಎಂದು ನಾನು ನಂಬಿದ್ದೆ. ಅವರು ಬರುತ್ತಿದ್ದುದು ಕ್ರಿಸ್ತನ ಜನನಕ್ಕೆ ಎಂಬುದು ನನಗೆ ತಡವಾಗಿ ಹೊಳೆಯಿತು.

ಎಪ್ಪತ್ತೆರಡರ ಡಿಸೆಂಬರಿನಲ್ಲಿ ನಮ್ಮ ಸಭಾಪಾಲಕರು, ನಾವು ಅಯ್ಯನವರು ಎನ್ನುತ್ತೇವೆ, "ಈ ಸಲ ಎಲ್ಲ ಚೀಟಿಯೂ ಯೆಶಾಯನಿಂದಲೇ ಇರಲಿ ಪಂಡಿತರೇ" ಎಂದರು. ನನಗೆ ಪರಮಾನಂದ. ಸತ್ಯವೇದವನ್ನು ತೆರೆಯದೆ, ನೆನಪಿನಿಂದಲೇ ನಲವತ್ತು ಚಿಲ್ಲರೆ ಚೀಟಿ ಬರೆದೆ. ತೆರೆದು ನೋಡಿ ಬರೆಯುವುದು ಗುಮಾಸ್ತರ ಕೆಲಸ ಎಂಬ ಭಾವನೆ ನನ್ನದು. ಅದೇ ದಿನಗಳಲ್ಲಿ ನನ್ನ ಸ್ವರ ಒಡೆದಿತ್ತು. ಅಕ್ಟೋಬರಿನಲ್ಲಿ ಬಂದ ಕೆಮ್ಮು ಹೋಗಿರಲಿಲ್ಲ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಅಂಗಿಯ ಕಾಲರಿನಲ್ಲಿ ಇನ್ನೊಂದು ಕುತ್ತಿಗೆಗೆ ಜಾಗವಿತ್ತು. ಕ್ರಿಸ್ಮಸ್ ದಿನ ಬಿರುದುಗಳನ್ನು ಮೇಲಕ್ಕೆ ಎತ್ತಲು ಹೋದರೆ ಹಳೆಯ ಬಾಗಿಲಿನ ಸದ್ದು ಬಂತು.

"ಮಣಿಪಾಲಕ್ಕೆ ಹೋಗಿ ಒಮ್ಮೆ ತೋರಿಸುವ" ಎಂದು ನನ್ನ ಹೆಂಡತಿ ಸುಗುಣ ಹೇಳಿದ್ದು ಲೆಕ್ಕವಿಲ್ಲದಷ್ಟು ಸಲ. "ಸೀಮೆಸುಣ್ಣದ ಧೂಳು" ಎಂದು ನಾನು ತೀರ್ಪು ಕೊಟ್ಟಿದ್ದೆ.

ಹೊಸವರ್ಷದ ಬೆಳಿಗ್ಗೆ ಸುಗುಣ ಬುಟ್ಟಿಗೆ ಕೈ ಹಾಕಿ ಚೀಟಿ ಎತ್ತಿದಳು. ಮನೆಗೆ ಬಂದು ಚಾಪೆ ಹಾಸಿ ಕುಳಿತೆವು. ಮಕ್ಕಳಿಲ್ಲದ ಮನೆ, ಎಲ್ಲರೂ ಎಂದರೆ ನಾವಿಬ್ಬರೇ. ನನ್ನ ಸ್ವರ ಸರಿಯಿಲ್ಲದ್ದರಿಂದ ಅವಳೇ ಓದಬೇಕಾಯಿತು. ಮೂವತ್ತೆಂಟನೆಯ ಅಧ್ಯಾಯ, ಒಂದನೆಯ ವಚನ. ಹಿಜ್ಕೀಯ ಎಂಬ ಅರಸನಿಗೆ ಮರಣಕರವಾದ ರೋಗ ಬಂದಿತ್ತು. ಪ್ರವಾದಿ ಯೆಶಾಯ ಅವನ ಬಳಿಗೆ ಬಂದು, ನಿನ್ನ ಮನೆಯ ವ್ಯವಸ್ಥೆ ಮಾಡಿಕೋ, ನೀನು ಬದುಕುವುದಿಲ್ಲ, ಸಾಯುತ್ತೀ ಎಂದ. ಸುಗುಣ ಸಾಯುವ ಮಾತಿನವರೆಗೆ ಓದಿ ನಿಲ್ಲಿಸಿದಳು.

ಅಂಕೆ ತಪ್ಪಿದೆಯೆಂದು ನನ್ನ ತಲೆಗೆ ಕೂಡಲೇ ಹೊಳೆಯಿತು. ಅದೇ ಅಧ್ಯಾಯದ ಐದನೆಯ ವಚನ ನನ್ನ ಮನಸ್ಸಿನಲ್ಲಿದ್ದದ್ದು. ಅರಸ ಗೋಡೆಯ ಕಡೆಗೆ ಮುಖ ತಿರುಗಿಸಿ ಅತ್ತ ಮೇಲೆ ದೇವರು ಅವನ ಆಯುಸ್ಸಿಗೆ ಹದಿನೈದು ವರ್ಷ ಕೂಡಿಸುತ್ತಾನಲ್ಲ, ಆ ವಾಗ್ದಾನ. ಅದು ಅಧ್ಯಾಯದ ಆರಂಭದಲ್ಲೇ ಇದೆಯೆಂದು ನೆನಪು ಹೇಳಿತ್ತು.

"ಅದು ತಪ್ಪಿ ಬರೆದದ್ದು ಮಾರಾಯ್ತಿ. ಐದು ಅಂತ ಬರೆಯಬೇಕಿತ್ತು" ಎಂದೆ, ಒಡಕು ಸ್ವರದಲ್ಲಿ.

"ನಿಮಗೆ ತಪ್ಪುವುದಾ? ಸತ್ಯವೇದದಲ್ಲಿ?" ಎಂದಳು ಅವಳು. "ಅಯ್ಯನವರು ಭಾನುವಾರದ ಪ್ರಸಂಗದಲ್ಲಿ ಒಂದು ವಚನ ಆಚೀಚೆ ಮಾಡಿದ್ರೆ ಊಟಕ್ಕೆ ಕೂತಾಗಲೂ ಬಿಡದವರು ನೀವು. ನನ್ನನ್ನು ಸಮಾಧಾನ ಮಾಡ್ಲಿಕ್ಕೆ ಹೇಳುವುದು ಬೇಡ."

ಹೀಗೆ ಇಪ್ಪತ್ತು ವರ್ಷ ಕಷ್ಟಪಟ್ಟು ಗಳಿಸಿದ ಕೀರ್ತಿ ನನ್ನ ಮರಣಶಾಸನಕ್ಕೆ ಮೊಹರು ಹಾಕಿತು. ಮರುದಿನ ಏಳು ಗಂಟೆಗೆ ಅವಳು ಸೀರೆ ಉಟ್ಟು ಅಂಗಳದಲ್ಲಿ ನಿಂತಿದ್ದಳು. "ಮಣಿಪಾಲಕ್ಕೆ" ಎಂದಳು. ಈ ಸಲ "ಹೋಗುವ" ಎಂಬ ಮಾತೂ ಇರಲಿಲ್ಲ.

ಮಣಿಪಾಲದ ಗಂಟಲಿನ ಡಾಕ್ಟರು ಹಣೆಗೆ ಕನ್ನಡಿ ಕಟ್ಟಿಕೊಂಡ ತೆಳ್ಳಗಿನ ಮನುಷ್ಯ. ನನ್ನ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಹೊರಗೆ ಎಳೆದು, ಸಣ್ಣ ಕನ್ನಡಿಯೊಂದನ್ನು ಒಳಗೆ ಇಳಿಸಿ, "'ಈ' ಅನ್ನಿ" ಎಂದರು. ನಾಲಿಗೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಈಕಾರ ಉಚ್ಚರಿಸುವುದು ಎಷ್ಟು ಕಷ್ಟವೆಂದು ಯಾವ ವ್ಯಾಕರಣವೂ ಹೇಳಿಲ್ಲ. ಅವರು ಬಹಳ ಹೊತ್ತು ನೋಡಿದರು. ಆ ಹೊತ್ತಿನಲ್ಲಿ ಸುಗುಣ ನೋಡುತ್ತಿದ್ದುದು ಡಾಕ್ಟರ ಮುಖವನ್ನು.

"ಸ್ವರದ ತಂತಿಯ ಮೇಲೆ ಒಂದು ಗಂಟು ಉಂಟು" ಎಂದರು ಡಾಕ್ಟರು. "ನನಗೆ ಕ್ಯಾನ್ಸರಿನ ಅನುಮಾನ. ಎದೆಯ ಎಕ್ಸ್‌ರೇ ತೆಗೆಯುವ, ಒಂದು ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸುವ. ಅಲ್ಲಿವರೆಗೆ ಮಾತಾಡಬಾರದು. ಪಿಸುಮಾತೂ ಬೇಡ."

ಚೂರು ತೆಗೆದದ್ದು ಎರಡು ದಿನದ ಮೇಲೆ. ಗಂಟಲಿಗೆ ಮರಗಟ್ಟುವ ಔಷಧ ಸಿಂಪಡಿಸಿ, ಉದ್ದ ಬಾಗಿದ ಇಕ್ಕುಳ ಹಿಡಿದುಕೊಂಡು ಡಾಕ್ಟರು ಹತ್ತಿರ ಬಂದಾಗ ನನಗೆ ಯೆಶಾಯನ ಆರನೆಯ ಅಧ್ಯಾಯ ನೆನಪಾಯಿತು. ಅಶುದ್ಧ ತುಟಿಯವನು ನಾನು, ನನ್ನ ಗತಿ ಮುಗಿಯಿತು ಎಂದು ಪ್ರವಾದಿ ಕೂಗಿಕೊಂಡಾಗ ದೇವದೂತನೊಬ್ಬ ಇಕ್ಕುಳದಲ್ಲಿ ಯಜ್ಞವೇದಿಯ ಕೆಂಡ ಹಿಡಿದು ತಂದು ಅವನ ತುಟಿಗೆ ಮುಟ್ಟಿಸುತ್ತಾನೆ. ಅದನ್ನೂ ನಾನು ಎಷ್ಟೋ ಸಲ ಗಂಭೀರವಾಗಿ ಓದಿದ್ದೆ. ಕೆಂಡ ಮುಟ್ಟಿದಾಗ ಪ್ರವಾದಿಗೆ ಹೇಗಾಯಿತೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಉರಿದಿರಬೇಕು.

ವರದಿಗೆ ಎಂಟು ದಿನ ಎಂದರು.

ಆ ಎಂಟು ದಿನವನ್ನು ಹೇಗೆ ಕಳೆದೆವೆಂದು ಯಾರಾದರೂ ಕೇಳಿದರೆ ನಾನು ಹೇಳುವುದು: ಮನೆಯ ವ್ಯವಸ್ಥೆ ಮಾಡಿದೆವು. ಸುಗುಣ ಪ್ರವಾದಿಯ ಮಾತನ್ನು ಅಕ್ಷರಶಃ ತೆಗೆದುಕೊಂಡಳು. ಅಟ್ಟಕ್ಕೆ ಏಣಿ ಇಟ್ಟು ಹತ್ತಿದಳು. ಹಳೆಯ ಟ್ರಂಕುಗಳನ್ನು ಇಳಿಸಿದಳು. ಹಂಚಿನ ಕೆಲಸದವನನ್ನು ಕರೆಸಿ ಒಡೆದ ಹಂಚು ಬದಲಿಸಿದಳು. ಜನವರಿ ತಿಂಗಳು, ಮಳೆಗೆ ಇನ್ನೂ ಐದು ತಿಂಗಳು, ನೆರೆಯವರು ಬೇಲಿಯಾಚೆಯಿಂದ "ಎಂತ, ಮನೆಯಲ್ಲಿ ಮದುವೆ ಉಂಟಾ?" ಎಂದು ಕೇಳಿದರು. ನಾನು ಜಗಲಿಯಲ್ಲಿ ಶಾಲೆಯ ಸ್ಲೇಟು ತೊಡೆಯ ಮೇಲಿಟ್ಟುಕೊಂಡು ಮೌನಿಬಾಬಾನಂತೆ ಕುಳಿತು ನನ್ನ ಉತ್ತರಕ್ರಿಯೆಯ ಸಿದ್ಧತೆ ನೋಡುತ್ತಿದ್ದೆ. ಒಳಗೆ ಮಾತ್ರ ಭಯ ಒಂದು ನಿಮಿಷವೂ ಕುಳಿತಿರಲಿಲ್ಲ. ಉಗುಳು ನುಂಗುವಾಗಲೆಲ್ಲ ಗಂಟು ನಿನ್ನೆಗಿಂತ ದೊಡ್ಡದಾಗಿದೆಯೇ ಎಂದು ಅಳೆಯುತ್ತಿದ್ದೆ. ನಾನಿಲ್ಲದ ಮೇಲೆ ಸುಗುಣ ಈ ಜಗಲಿಯಲ್ಲಿ ಯಾರೊಡನೆ ಜಗಳಾಡುತ್ತಾಳೆ ಎಂಬಲ್ಲಿಗೆ ಬಂದು ಯೋಚನೆ ನಿಂತುಬಿಡುತ್ತಿತ್ತು.

ಮೂರನೆಯ ದಿನ ಕಾರ್ಕಳದಿಂದ ನನ್ನ ಅಕ್ಕ ಬಂದಳು. ಕೈಯಲ್ಲಿ ಹಗ್ಗಕ್ಕೆ ಪೋಣಿಸಿದ ಒಣ ಅಂಜೂರದ ಮಾಲೆ.

"ಒಂದನೇ ವಚನ ಓದಿ ಇಬ್ಬರೂ ಕೂತು ಅಳುವುದಾ?" ಎಂದಳು ಅಕ್ಕ. "ಅಧ್ಯಾಯದ ಕೊನೆಗೆ ಎಂತ ಉಂಟು? ಅಂಜೂರದ ಹಣ್ಣು ಅರೆದು ಹುಣ್ಣಿಗೆ ಕಟ್ಟಿ ಅಂತ ಪ್ರವಾದಿಯೇ ಹೇಳಿದ್ದಲ್ವಾ? ಮದ್ದು ಹೇಳಿದ ಮೇಲೆ ಮಾಡ್ಬೇಕಲ್ವಾ ಮಾರಾಯ?"

ನಾನು ಸ್ಲೇಟಿನಲ್ಲಿ 'ಅದು ಚರ್ಮದ ಹುಣ್ಣು' ಎಂದು ಬರೆದು ತೋರಿಸಿದೆ. ಅಕ್ಕ ಕನ್ನಡಕ ತಂದಿರಲಿಲ್ಲ. ಸಂಜೆಯೊಳಗೆ ನನ್ನ ಕುತ್ತಿಗೆಗೆ ಅರೆದ ಅಂಜೂರ ಮೆತ್ತಿ ಹಳೆಯ ಪಂಚೆಯ ತುಂಡು ಸುತ್ತಿಯಾಗಿತ್ತು. ರಾಜವೈದ್ಯ. ಇರುವೆಗಳಿಗೆ ಸುದ್ದಿ ಮುಟ್ಟಲು ಅರ್ಧ ಗಂಟೆಯೂ ಬೇಕಾಗಲಿಲ್ಲ.

ಆರನೆಯ ದಿನ ಸುಗುಣ ಅಟ್ಟದ ಹಳೆಯ ಉತ್ತರಪತ್ರಿಕೆಗಳ ಕಟ್ಟಿನೊಡನೆ ಒಂದು ನೋಟುಪುಸ್ತಕ ಹಿಡಿದು ಇಳಿದು ಬಂದಳು. ನನ್ನ ಚೀಟಿಗಳ ಕರಡು. ಬರೆದು ಮುಗಿಸಿ ಎಲ್ಲೋ ಎಸೆದಿದ್ದೆ. ಅವಳು ಬೇರೆ ಕಾಗದಗಳ ಜೊತೆ ಮೇಲೆ ಸೇರಿಸಿದ್ದಳು. ಪ್ರತಿಯೊಂದು ಅಂಕೆಯ ಮುಂದೆಯೂ ವಚನದ ಸಾರವನ್ನು ಎರಡು ಪದದಲ್ಲಿ ಗುರುತು ಹಾಕಿಕೊಂಡಿದ್ದೆ. ಅವಳ ಬೆರಳು ಒಂದು ಸಾಲಿನ ಮೇಲೆ ಇತ್ತು. 38:1, ಅದರ ಮುಂದೆ: ಹದಿನೈದು ವರ್ಷ.

"ನಿಜವಾಗಿಯೂ ತಪ್ಪಿದ್ದಾ?" ಎಂದಳು.

ನಾನು ಹೌದೆಂದು ತಲೆಯಾಡಿಸಿದೆ. ಅವಳು ಮೆಟ್ಟಲಿನ ಮೇಲೆ ಕುಳಿತು ಸೆರಗು ಬಾಯಿಗಿಟ್ಟುಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ನನಗೆ ತಿಳಿಯಲಿಲ್ಲ; ಅವಳಿಗೂ ತಿಳಿದಂತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮುಖ ಒರೆಸಿಕೊಂಡು ಕೇಳಿದಳು:

"ಹಾಗಾದ್ರೆ ನಮಗೆ ಬಂದದ್ದು ಯಾವುದು? ನೀವು ನೆನೆಸಿದ್ದಾ, ಬರೆದದ್ದಾ?"

ನಾನು ಕರಡನ್ನು ಅವಳ ಕೈಯಿಂದ ತೆಗೆದು ಸ್ಲೇಟಿನ ಕೆಳಗೆ ಇಟ್ಟುಕೊಂಡೆ.

ವರದಿಯ ದಿನ ಆಸ್ಪತ್ರೆಯ ಉದ್ದನೆಯ ಬೆಂಚಿನಲ್ಲಿ ಜಾಗವಿರಲಿಲ್ಲ. ಕಾಪುವಿನ ಬ್ಯಾರಿ ಮುಸ್ಲಿಮರೊಬ್ಬರು, ಮೀನಿನ ವ್ಯಾಪಾರದವರಂತೆ, ಸರಿದು ಜಾಗ ಮಾಡಿಕೊಟ್ಟರು. ಅವರಿಗೂ ಗಂಟಲೇ. ಆದರೆ ಅವರಿಗೆ ಮಾತು ನಿಷೇಧಿಸಿರಲಿಲ್ಲ, ನಿಷೇಧಿಸಿದ್ದರೂ ಪ್ರಯೋಜನವಾಗುತ್ತಿರಲಿಲ್ಲ.

"ಮಾಸ್ಟ್ರಾ ನೀವು? ಸ್ಲೇಟು ನೋಡಿ ಗೊತ್ತಾಯ್ತು" ಎಂದರು. "ಶಾಲೆಯಲ್ಲಿ ಮಕ್ಕಳ ಬಾಯಿ ಮುಚ್ಚಿಸಿದ್ದಕ್ಕೆ ಮೇಲಿರುವ ಪಡೆದವನು ನಿಮ್ಮ ಬಾಯಿ ಮುಚ್ಚಿಸಿದ, ಅಲ್ವಾ?"

ನಾನು ಸ್ಲೇಟಿನಲ್ಲಿ 'ಹೌದು' ಎಂದು ಬರೆದೆ. ಅವರಿಗೆ ಕನ್ನಡ ಓದು ಬಾರದು. ಸುಗುಣ ಓದಿ ಹೇಳಿದಳು. ಅವರು ನಕ್ಕರು. ನಗು ನಿಂತ ಮೇಲೆ, "ಹೆದರಿಕೆ ಉಂಟಾ ಮಾಸ್ಟ್ರೇ?" ಎಂದರು. ನಾನು 'ಹೌದು' ಎಂಬ ಪದವನ್ನು ಅಳಿಸಿರಲಿಲ್ಲ. ಅದನ್ನೇ ಮತ್ತೆ ಎತ್ತಿ ತೋರಿಸಿದೆ. ಈ ಸಲ ಅವರಿಗೆ ಯಾರೂ ಓದಿ ಹೇಳಬೇಕಾಗಲಿಲ್ಲ. "ನನಗೂ" ಎಂದು ಹೇಳಿ, ನನ್ನ ಮೊಣಕಾಲಿನ ಮೇಲೆ ಒಮ್ಮೆ ತಟ್ಟಿದರು. ಆ ತಿಂಗಳಲ್ಲಿ ನನಗೆ ಸಿಕ್ಕ ಉಪದೇಶಗಳಲ್ಲೆಲ್ಲ ಅದು ಅತಿ ಚಿಕ್ಕದು, ಅತಿ ಉಪಯುಕ್ತ. ಅವರನ್ನು ಮೊದಲು ಕರೆದರು. ಇನ್ನೊಂದು ಬಾಗಿಲಿನಿಂದ ಹೊರಗೆ ಹೋದರೆಂದು ಕಾಣುತ್ತದೆ. ಅವರಿಗೆ ಏನು ಹೇಳಿದರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ನಮ್ಮನ್ನು ಕರೆದಾಗ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಿದ್ದರು.

"ನಾನು ಮೊದಲ ದಿನ ಹೇಳಿದ್ದು ತಪ್ಪು" ಎಂದರು. "ಕ್ಯಾನ್ಸರ್ ಅಲ್ಲ. ಟಿ.ಬಿ. ಎದೆಯಲ್ಲಿ ಶುರುವಾಗಿ ಗಂಟಲಿಗೆ ಹತ್ತಿದೆ."

"ಟಿ.ಬಿ. ಮಾತ್ರವಾ ಡಾಕ್ಟ್ರೇ?" ಎಂದು ಕೇಳಿದಳು ಸುಗುಣ.

"ಮಾತ್ರ ಅಂದ್ರೆ ಎಂತ ಅಮ್ಮ? ಒಂದೂವರೆ ವರ್ಷ ಮದ್ದು ಮಾಡ್ಬೇಕು. ದಿನಾ ಇಂಜೆಕ್ಷನ್. ಇನ್ನು ಎರಡು ತಿಂಗಳು ತಡ ಮಾಡಿ ಬಂದಿದ್ರೆ ನಾನು ಬೇರೆ ಮಾತಾಡ್ಬೇಕಿತ್ತು." ಆಮೇಲೆ ಅವರು ನನ್ನ ಕುತ್ತಿಗೆಯನ್ನು ನೋಡಿದರು. ಪಂಚೆಯ ಅಂಚಿನಿಂದ ಕಂದು ಬಣ್ಣದ ಏನೋ ಇಣುಕುತ್ತಿತ್ತು. "ಇದೆಂತ?"

ನಾನು ಬರೆದೆ: 'ಅಂಜೂರ. ಪ್ರವಾದಿ ಯೆಶಾಯನ ಚೀಟಿ.'

ಡಾಕ್ಟರು ಅದನ್ನು ಎರಡು ಸಲ ಓದಿದರು. "ಅಂಜೂರ ಒಳ್ಳೆಯದೇ. ತಿನ್ನಿ. ಇಂಜೆಕ್ಷನ್ ಬಿಡಬೇಡಿ."

ಕ್ಷಯ ಎಂದು ಕೇಳಿ ಸಂತೋಷಪಟ್ಟವರು ಆ ಕಾಲದಲ್ಲಿ ಹೆಚ್ಚು ಜನ ಇರಲಿಕ್ಕಿಲ್ಲ. ಬಸ್ಸಿನಲ್ಲಿ ಇಳಿಜಾರು ಇಳಿದು ಬರುವಾಗ ನನ್ನ ತಲೆಯಲ್ಲಿ ತಿರುಗುತ್ತಿದ್ದುದು ರೋಗವಲ್ಲ, ಡಾಕ್ಟರ ಮೊದಲ ವಾಕ್ಯ. ನಾನು ಹೇಳಿದ್ದು ತಪ್ಪು. ಎಷ್ಟು ಸಲೀಸಾಗಿ ಹೇಳಿದರು! ಕರಿಹಲಗೆಯ ಮುಂದೆ ನಿಂತು ಅಷ್ಟು ವರ್ಷ ಕಳೆದ ನನ್ನ ಬಾಯಿಂದ ಆ ವಾಕ್ಯ ತರಗತಿಯಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಹಿಜ್ಕೀಯನ ಇದೇ ಕಥೆಯನ್ನು ಸತ್ಯವೇದದ ಅರಸುಗಳ ಪುಸ್ತಕ ಇನ್ನೊಂದು ವಿವರದೊಡನೆ ಹೇಳುತ್ತದೆ. ನೀನು ಸಾಯುತ್ತೀ ಎಂದು ಅರಸನಿಗೆ ಹೇಳಿ ಹೊರಟ ಪ್ರವಾದಿ ಇನ್ನೂ ನಡುವಣ ಅಂಗಳ ದಾಟಿರಲಿಲ್ಲ. ಹಿಂದಿರುಗಿ ಹೋಗು, ಬದುಕುತ್ತಾನೆಂದು ಹೇಳು ಎಂದು ಅಪ್ಪಣೆಯಾಯಿತು. ಯೆಶಾಯ ಹಿಂದಿರುಗಿದ. ನಮ್ಮ ಸಭೆಗಳಲ್ಲಿ ಅವನನ್ನು ಕೊಂಡಾಡುವುದು ಕ್ರಿಸ್ತನ ಜನನವನ್ನೂ ಶಿಲುಬೆಯ ಶ್ರಮೆಯನ್ನೂ ಅಷ್ಟು ಶತಮಾನ ಮೊದಲೇ ಕಂಡವನೆಂದು. ಅದು ಸರಿಯೇ. ಆದರೆ ಆ ವರ್ಷದಿಂದ ನನ್ನ ಕಣ್ಣಿಗೆ ಕಟ್ಟಿರುವವನು ಅರಮನೆಯ ಅಂಗಳದ ನಡುವೆ ನಿಂತುಬಿಟ್ಟ ಒಬ್ಬ ಮನುಷ್ಯ. ಆಗತಾನೇ ಘಂಟಾಘೋಷವಾಗಿ ಒಂದು ಮಾತು ಹೇಳಿ ಬಂದಿದ್ದಾನೆ. ಕಾವಲುಗಾರರೆಲ್ಲ ಕೇಳಿದ್ದಾರೆ. ಈಗ ಅದೇ ಬಾಗಿಲಿಗೆ ಹೋಗಿ, ಅದೇ ರೋಗಿಯ ಮುಂದೆ ನಿಂತು, ಬೇರೆ ಮಾತು ಹೇಳಬೇಕು. ಹೆಸರು ಕೆಡುತ್ತದೆಂದು ಅವನು ಯೋಚಿಸಿದ್ದರೆ ಹಿಜ್ಕೀಯ ಗೋಡೆ ನೋಡುತ್ತಲೇ ಇರುತ್ತಿದ್ದ.

ಮದ್ದಿನ ಒಂದೂವರೆ ವರ್ಷದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಿನವೂ ಕಂಪೌಂಡರ ಮುಂದೆ ಹಿಂಭಾಗ ತೋರಿಸುವ ವ್ಯಕ್ತಿಯಲ್ಲಿ ಪಾಂಡಿತ್ಯದ ಠೀವಿ ಉಳಿಯುವುದಿಲ್ಲ ಎಂದಷ್ಟೇ ಹೇಳಬಲ್ಲೆ. ಕ್ಯಾನ್ಸರಿಗೆ ಹೆದರದೆ ಅಂಜೂರ ಹಚ್ಚಿದ ಅಕ್ಕ ಟಿ.ಬಿ. ಎಂದು ಕೇಳಿ ಮೂರು ತಿಂಗಳು ಕಾರ್ಕಳ ಬಿಟ್ಟು ಕದಲಲಿಲ್ಲ. ನನಗೆ ಬೇರೆ ತಟ್ಟೆ, ಬೇರೆ ಲೋಟ, ಜಗಲಿಯಲ್ಲಿ ಬೇರೆ ಹಾಸಿಗೆ. ಇಂಜೆಕ್ಷನ್ನಿನಿಂದ ಎಡಕಿವಿಯಲ್ಲಿ ಒಂದು ಗಂಟೆ ಬಾರಿಸತೊಡಗಿತು. ಅದು ಇನ್ನೂ ನಿಂತಿಲ್ಲ. ನಾನು ಕೆಮ್ಮಿದಾಗಲೆಲ್ಲ ಒಳಗೆ ಸುಗುಣ ಅಕ್ಕಿ ಆರಿಸುವ ಸದ್ದು ಒಂದು ಕ್ಷಣ ನಿಲ್ಲುತ್ತಿತ್ತು. ಕೆಮ್ಮಿಗಿಂತ ಆ ನಿಶ್ಶಬ್ದಕ್ಕೆ ನನಗೆ ಹೆಚ್ಚು ಹೆದರಿಕೆಯಾಗುತ್ತಿತ್ತು.

ಬಿಡುವಿನಲ್ಲಿ ಕರಡನ್ನು ಸತ್ಯವೇದದೊಡನೆ ಇಟ್ಟು ನೋಡಿದೆ. ಇನ್ನೂ ಎರಡು ಚೀಟಿ ತಪ್ಪಿದ್ದವು. ಒಂದನ್ನು ಎತ್ತಿದ ಮನೆಯವರು ಸತ್ಯವೇದ ತೆರೆದೇ ಇರಲಿಲ್ಲ. ಅಲ್ಲಿ ನಾನು ಸುರಕ್ಷಿತ. ಇನ್ನೊಂದು ಕಾಪುವಿನ ಸುಂದರಿಬಾಯಿಗೆ ಹೋಗಿತ್ತು. ಗಂಡನನ್ನು ಕಳೆದುಕೊಂಡು ಒಂದು ವರ್ಷವಾಗಿದ್ದ ಹೆಂಗಸು. ನಾನು ಬರೆಯಬೇಕೆಂದಿದ್ದದ್ದು ತಾಯಿಯಂತೆ ಸಂತೈಸುತ್ತೇನೆಂಬ ವಚನ. ಬರೆದದ್ದು ತೋಟ ಮಾಡಿ ಫಲ ಉಣ್ಣುವ ವಚನ. ನನ್ನ ಕಫದಲ್ಲಿ ಏನೂ ಇಲ್ಲವೆಂದು ಡಾಕ್ಟರು ಹೇಳಿದ ಮೇಲೆ, ಅರ್ಧ ಸ್ವರ ಬಂದಾಗ, ಬಸ್ಸು ಹತ್ತಿ ಕಾಪುವಿಗೆ ಹೋದೆ. ನನ್ನ ಜೀವನದ ಮೊದಲ ತಿದ್ದುಪಡಿ. ಇಸ್ತ್ರಿ ಮಾಡಿದ ಅಂಗಿಯನ್ನೇ ಹಾಕಿಕೊಂಡಿದ್ದೆ.

ಅವರು ಅಂಗಳದಲ್ಲಿ ಕುಳಿತು ಬಾಳೆಯ ನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ಹಿಂದೆ ಬರೀ ಹುಲ್ಲಿದ್ದ ಜಾಗದಲ್ಲಿ ಸಾಲಾಗಿ ಗಿಡಗಳು. ನಾನು ವಿಷಯವನ್ನು ವಿಧಿವತ್ತಾಗಿ ನಿವೇದಿಸಿದೆ.

"ಅಯ್ಯೋ ಪಂಡಿತರೇ, ಬಾಯಿ ಮುಚ್ಚಿ" ಎಂದರು ಸುಂದರಿಬಾಯಿ. "ನೀವು ಸಂತೈಸುವ ವಚನ ಕೊಟ್ಟಿದ್ರೆ ನಾನು ಇವತ್ತಿಗೂ ಒಳಗೆ ಕೂತು ಅಳ್ತಾ ಇದ್ದೆ. ಮಾತು ಮಳೆಯ ಹಾಗೆ, ಬರಿಗೈಲಿ ವಾಪಸು ಹೋಗುವುದಿಲ್ಲ ಅಂತ ನಿಮ್ಮ ಯೆಶಾಯನೇ ಹೇಳಿಲ್ವಾ? ಇದನ್ನು ಸುಗುಣನಿಗೆ ಕೊಡಿ" ಎಂದು ಒಂದು ಚೆಂಡು ಮಲ್ಲಿಗೆಯನ್ನು ಎಲೆಯಲ್ಲಿ ಸುತ್ತಿ ಕೈಗಿಟ್ಟರು.

ಬಸ್ಸಿನಲ್ಲಿ ಹೂವು ಹಿಡಿದು ಕುಳಿತಾಗ ಲೆಕ್ಕ ಹಾಕಿದೆ. ಸರಿಯಾದ ಚೀಟಿ ಬಂದಿದ್ದರೆ, ಹದಿನೈದು ವರ್ಷ ಸಿಕ್ಕಿತೆಂದು ನಾನು ಹಿಗ್ಗಿ ಮನೆಯಲ್ಲೇ ಕುಳಿತು, ಏಪ್ರಿಲಿಗೆ ತೀರಿಕೊಳ್ಳುತ್ತಿದ್ದೆ. ನನ್ನನ್ನು ಮಣಿಪಾಲದ ಬಸ್ಸಿಗೆ ಹತ್ತಿಸಿದ್ದು ಸುಗುಣಳ ಭಯ. ಆ ಭಯ ಹುಟ್ಟಿಸಿದ್ದು ನನ್ನ ತಪ್ಪು. ಇದರಿಂದ ತಪ್ಪು ಮಾಡುವುದು ಒಳ್ಳೆಯದೆಂಬ ನೀತಿ ತೆಗೆಯಬೇಡಿ. ನಾನೂ ತೆಗೆಯಲು ಪ್ರಯತ್ನಿಸಿದೆ, ಸುಗುಣ ಬಿಡಲಿಲ್ಲ. ಮುಂದಿನ ವರ್ಷದ ಕ್ರಿಸ್ಮಸ್ ದಿನ ಒಡಕು ಸ್ವರದಲ್ಲೇ ಯೆಶಾಯನನ್ನು ಓದುವ ಮೊದಲು ಸಭೆಯ ಮುಂದೆ ಮೂರು ಚೀಟಿಯ ಸಂಗತಿ ಒಪ್ಪಿಕೊಂಡೆ. ಸಭೆ ನಕ್ಕಿತು. ಅಯ್ಯನವರು ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕರು.

ಇಷ್ಟಕ್ಕೆ ಮುಗಿಸಬಹುದಿತ್ತು. ಆದರೆ ಈಗ ನಡೆಯುತ್ತಿರುವುದು ಎಂಬತ್ತೆಂಟರ ಜನವರಿ. ಹಿಜ್ಕೀಯನಿಗೆ ಸಿಕ್ಕಿದ್ದು ಹದಿನೈದೇ ವರ್ಷ. ನನ್ನ ಹದಿನೈದು ಈ ತಿಂಗಳಿಗೆ ತೀರಿತು. ನವೆಂಬರಿನಿಂದ ನನಗೊಂದು ಸಣ್ಣ ಕೆಮ್ಮು. ನಾವಿಬ್ಬರೂ ಅದರ ಬಗ್ಗೆ ಮಾತಾಡಿರಲಿಲ್ಲ. ಆದರೆ ಡಿಸೆಂಬರಿನಲ್ಲಿ ಸುಗುಣ ಅಟ್ಟಕ್ಕೆ ಏಣಿ ಇಟ್ಟಳು. ಹಂಚಿನ ಕೆಲಸದವನೂ ಬಂದು ಹೋದ. "ಎಂತಕ್ಕೆ?" ಎಂದು ಕೇಳಿದರೆ "ಸುಮ್ಮನೆ" ಎಂದಳು. ನಾಡಿದ್ದು ಗುರುವಾರ ಮಣಿಪಾಲದಲ್ಲಿ ಎಕ್ಸ್‌ರೇ.

ನಿನ್ನೆ ಬೆಳಿಗ್ಗೆ ಅವಳ ಸತ್ಯವೇದದಲ್ಲಿ ಆ ಅಧ್ಯಾಯ ತೆರೆದೆ. ಹಳೆಯ ಚೀಟಿ ಅಲ್ಲೇ ಇತ್ತು, ಹಳದಿಯಾಗಿ. ನಾನು ಬರೆದ ಒಂದರ ಮೇಲೆ ಗೀಟು ಹಾಕಿ, ಪಕ್ಕದಲ್ಲಿ ಅವಳ ಓರೆ ಅಕ್ಷರದಲ್ಲಿ ಐದು ಎಂದು ಬರೆದಿತ್ತು. ನನ್ನ ಬರಹವನ್ನು ಅವಳು ತಿದ್ದಿದ್ದು ನಾನು ಕಂಡಂತೆ ಅದೊಂದೇ. ಎಂದು ತಿದ್ದಿದಳೋ ಕೇಳಲಿಲ್ಲ. ಬೇರೆಯದನ್ನು ಕೇಳಿದೆ.

"ಹದಿನೈದು ಮುಗಿಯಿತಲ್ಲ, ಇನ್ನು ಹೇಗೆ?"

ಅವಳು ಅಕ್ಕಿಯ ಮೊರದಿಂದ ತಲೆ ಎತ್ತಲಿಲ್ಲ. "ಮತ್ತೊಮ್ಮೆ ಕೇಳಿದ್ರೆ ಕೊಡುವುದಿಲ್ಲ ಅಂತ ಎಲ್ಲಿಯಾದ್ರೂ ಬರೆದುಂಟಾ? ಉಂಟಾದ್ರೆ ತೋರಿಸಿ. ಪುಸ್ತಕ ತೆರೆದು ನೋಡಿ ಹೇಳಿ, ನೆನಪಿನಿಂದ ಬೇಡ."

ನಾನು ಕನ್ನಡಕ ಹಾಕಿಕೊಂಡು ಕುಳಿತೆ. ನಿನ್ನೆಯಿಡೀ ಹುಡುಕಿದೆ, ಇವತ್ತು ಮಧ್ಯಾಹ್ನದವರೆಗೂ ಹುಡುಕಿದೆ. ಯೆಶಾಯನ ಅರವತ್ತಾರು ಅಧ್ಯಾಯ, ಒಂದೊಂದೇ ಸಾಲಾಗಿ, ಅಂಕೆಯ ಮೇಲೆ ಬೆರಳಿಟ್ಟು. ಅಂಥ ವಚನ ಎಲ್ಲಿಯೂ ಸಿಗಲಿಲ್ಲ.